ಯಮನೂರಿ ಹೆಸರು ಹಣ್ಣಿಗಿಟ್ಟದ್ದು

ಕೇಳೂದಾದ್ರ ಹತ್ರ ಸರಕೊಂಡ ಕೂಡ್ರಿ. ನಗು ಬಂದ್ರ ನಗ್ರಿ. ಆದ್ರ ಶಾವಂತ್ರೆವ್ವನ ಎದುರಿಗೆ ಮಾತ್ರ ನಗಬ್ಯಾಡ್ರಿ, ಆಕಿ ಕೈಯಾಗ ಯಾವಾಗ್ಲೂ ಸೂಜಿ ಇರ್ತೈತಿ.

ಈ ಶಾವಂತ್ರೆವ್ವ ಕೆಂಚನಕೊಪ್ಪದಾಕಿ, ಕೌದಿ ಹೊಲ್ಯಾಕಿ. ಹಳೇ ಸೀರಿ, ಹಳೇ ಧೋತರ, ಹರಕ ಕುಬಸ, ಏನ ಕೊಟ್ರೂ ಒಂದರ ಮ್ಯಾಲ ಒಂದ ಹಾಸಿ, ಹೊಲದ ಹೊಲದ, ಕಡೀಕೆ ಕಣ್ಣ ತುಂಬೂವಂಥಾ ಹೊದಿಕಿ ಮಾಡಾಕಿ. ಓಣ್ಯಾಗಿನ ಐದ ಮಂದಿ ಹೆಣ್ಣಮಕ್ಕಳು ಆಕಿ ಜೋಡಿ ಕುಂತ ಹೊಲೀತಿದ್ರು. ಗಂಡ ಸತ್ತ ಹದಿನಾರ ವರ್ಷ ಆಗಿತ್ತು. ಒಬ್ಬನ ಮಗ. ಹೆಸರು ಯಮನೂರಿ.

ಯಮನೂರಿಗೆ ಮೈ ಎತ್ತಿಂದು, ಮನಸು ಕರುವಿಂದು. ಬುದ್ಧಿ ಸುದ್ದಿ ಬ್ಯಾಡ ಬಿಡ್ರಿ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಒಂದಿನ ಅವ್ವ ಅಂದ್ಲು, "ತಮ್ಮಾ, ನಾ ನೀರ ತರ್ತೀನಿ, ಹಂಚಿನ ಮ್ಯಾಲಿನ ರೊಟ್ಟಿ ಮ್ಯಾಲ ಒಂದ ಕಣ್ಣ ಇಟ್ಟಿರು." ಇಟ್ಟ! ಬಗ್ಗಿ, ಬಲಗಣ್ಣ ಒಯ್ದು ರೊಟ್ಟಿ ಮ್ಯಾಲ ಇಟ್ಟ. ಎಂಟ ದಿನ ಕಣ್ಣು ಬದನಿಕಾಯಿ ಆಗಿತ್ತು.

"ಏ ನನ್ನ ಹಣೇಬರಾ!" ಅಂತ ಅವ್ವ ಹಣಿ ಬಡಕೊಂಡ್ಲು.

"ನೀನ ಹೇಳಿದ್ದೆಲ್ಲವ್ವಾ!" ಅಂದ ಯಮನೂರಿ.

ಇಷ್ಟರಾಗ ಒಂದಿನ ಹುಬ್ಬಳ್ಳಿಯಿಂದ ಒಬ್ಬಾಕಿ ಬಂದ್ಲು. ಕೈಯಾಗೊಂದ ಕೌದಿ. "ಇದನ್ನ ಹೊಲದಾಕಿ ನೀವ ಏನ್ರಿ? ನಾಕ ಊರ ಕೇಳಿ ಬಂದೇನಿ. ಚೀಟಿ ಮ್ಯಾಲ ಮುರಿಗೆಪ್ಪನ ಕೌದಿ ಅಂತ ಐತಿ, ಅವರನ್ನ ಕೇಳಿದ್ರ ಹೊಲದಾಂವ ನಾನ ಅಂತಾರ!"

ಮುರಿಗೆಪ್ಪ ಸಾವಕಾರ ಕೌದಿ ಕೊಂಡ ಮಾರಾಂವ. ಸೂಜ್ಯಾಗ ದಾರ ಪೋಣಸಾಕ ಬರೂದಿಲ್ಲ ಅಂವಗ. ಇಂಟರ್‌ನೆಟ್ಟಿನ್ಯಾಗ ದೊಡ್ಡ ಅಂಗಡಿ ಇಟ್ಟಿದ್ದ, ಅದರ ಮ್ಯಾಲ ತನ್ನ ಹೆಸರು, ತನ್ನ ಮೀಸಿ ಫೋಟೋ.

ಶಾವಂತ್ರೆವ್ವ ಚೀಟಿ ನೋಡಿದ್ಲು. ಸೂಜಿ ಕೆಳಗಿಟ್ಟಳು. ಆಕಿ ಸೂಜಿ ಕೆಳಗಿಟ್ಟದ್ದ ಓಣ್ಯಾಗ ಯಾರೂ ನೋಡಿದ್ದಿಲ್ಲ.

"ಬೆರಳ ನಂದು, ರಕ್ತ ನಂದು, ಹೆಸರ ಅವಂದ? ಆಗಂಗಿಲ್ಲ! ನಮ್ಮ ಅಂಗಡಿ ನಾವ ಇಡೂಣು. ನಮ್ಮ ಹೆಸರಲೇ ಇಡೂಣು!"

ಬಸ್ ಸ್ಟ್ಯಾಂಡಿನ ಹತ್ರ ಜುಬೇದಾ ಅಂತ ಒಬ್ಬಾಕಿ ಕಂಪ್ಯೂಟರ್ ಅಂಗಡಿ ಇಟ್ಟಿದ್ಲು. ಪಹಣಿ, ಆಧಾರ, ಪರೀಕ್ಷಾ ಫಾರ್ಮ್, ಎಲ್ಲಾ ಆಕೀನ ತುಂಬಾಕಿ. ಈ ಮಾತ ಕೇಳಿ ಆಕಿ ಹೇಳಿ ಕಳಿಸಿದ್ಲು: "ನೆಟ್ಟಿನ್ಯಾಗ ಅಂಗಡಿ ಇಡಬೇಕಂದ್ರ ಮದಲ ಒಂದ ಹೆಸರು ನೋಂದಣಿ ಮಾಡಸಬೇಕು. ಅದಕ್ಕ ಡೊಮೇನ್ ಅಂತಾರ. ಯಾರ ಮದಲ ಬರಸ್ತಾರೋ ಹೆಸರು ಅವರದ. ಮುರಿಗೆಪ್ಪಗ ವಾಸನಿ ಬಡಿಯೂ ಮದಲ ಬರಸ್ರಿ."

ಶಾವಂತ್ರೆವ್ವಗ ಮೊಣಕಾಲ ನೋವು. ಮಗನ್ನ ಕರದ್ಲು. "ಯಮನೂರಿ, ನಾಳೆ ಲಗೂನ ಎದ್ದ ಹೋಗಿ 'ಶಾವಂತ್ರೆವ್ವನ ಕೌದಿ' ಅಂತ ಹೆಸರು ನೋಂದಣಿ ಮಾಡಿಸ್ಕೊಂಡ ಬಾ. ಲಗೂನ! ಯಾರಿಗೂ ಬಗ್ಗಬ್ಯಾಡ!"

ಯಮನೂರಿ ಕೋಳಿ ಕೂಗಿದ್ದ ಕೂಡಲೇ ಎದ್ದ. ಹೆಸರು ನೋಂದಣಿ ಎಲ್ಲಿ ಆಗ್ತೈತಿ? ಅಂವಗ ಗೊತ್ತಿದ್ದದ್ದು ಒಂದ ಜಾಗ. ನೆಟ್ಟಗ ಹೋಗಿ ಪಂಚಾಯ್ತಿ ಕಟ್ಟಿ ಮ್ಯಾಲ ಕುಂತ. ಹತ್ತ ಗಂಟೇಕ ಗುಮಾಸ್ತ ಬಂದ.

"ಏನಪಾ?"

"ಹೆಸರು ನೋಂದಣಿ ಮಾಡ್ರಿ."

ಗುಮಾಸ್ತ ಜನನ ದಾಖಲಿ ಬುಕ್ ತಗದ. "ಹೇಳು, ಹೆಸರು?"

"ಶಾವಂತ್ರೆವ್ವನ ಕೌದಿ."

"ಹೆಣ್ಣೋ ಗಂಡೋ?"

"ಕೌದಿ."

"ಹುಟ್ಟಿದ್ದ ಯಾವಾಗ?"

"ಇನ್ನೂ ಹುಟ್ಟಿಲ್ರಿ. ಅದಕ್ಕ ಲಗೂನ ಬಂದೇನಿ."

"ಹುಟ್ಟೂ ಮದಲ ಬರಸಾಕ ಬರಂಗಿಲ್ಲೋ ಮಾರಾಯಾ!"

"ಬರಬೇಕು! ನಮ್ಮವ್ವ ಯಾರಿಗೂ ಬಗ್ಗಬ್ಯಾಡ ಅಂದಾಳ!" ಅಂತ ಯಮನೂರಿ ಸೊಂಟ ನೆಟ್ಟಗ ಮಾಡಿ ನಿಂತಬಿಟ್ಟ. ಗುಮಾಸ್ತನ ಪೆನ್ನು ಕೆಳಗ ಬಿತ್ತು, "ಎತ್ತಿ ಕೊಡೋ" ಅಂದ. ಬಗ್ಗಲಿಲ್ಲ. ಬಾಗಲಾ ಗಿಡ್ಡ ಇತ್ತು, ಹೊರಗ ಹೋಗೂವಾಗ್ಲೂ ಬಗ್ಗಲಿಲ್ಲ. ಹಣಿ ಮ್ಯಾಲೊಂದ ನಿಂಬಿಕಾಯಿ ಗಾತ್ರದ ಬಾವು ತಗೊಂಡ ಮನಿಗೆ ಬಂದ.

"ಏ ನನ್ನ ಹಣೇಬರಾ! ಪಂಚಾಯ್ತಿಗೆ ಅಲ್ಲಲೇ! ಹೆಸರ ಕಂಪ್ಯೂಟರ್ ಮ್ಯಾಲ ಬರಸಬೇಕು, ಜುಬೇದಾನ ಕಂಪ್ಯೂಟರ್ ಮ್ಯಾಲ!"

"ಹಂಗ ಹೇಳಬೇಕಿಲ್ಲವ್ವಾ ಮತ್ತ!"

ಹೋದ. ಬರೇ ಕೈಲೇ ಹೋಗಲಿಲ್ಲ. ಎತ್ತಿನ ಕೋಡಿಗೆ ಹಚ್ಚೂ ಕೆಂಪ ಬಣ್ಣದ ಡಬ್ಬಿ, ಒಂದ ಕುಂಚ ತಗೊಂಡ ಹೋದ. ಜುಬೇದಾ ಹೊರಗ ಚಾ ಕುಡೀತಿದ್ಲು. ಆಕಿ ಲೋಟ ಕೆಳಗಿಡೂದರಾಗ ಕಂಪ್ಯೂಟರ್ ಪರದಿ ತುಂಬ ಕೆಂಪ ಅಕ್ಷರದಾಗ 'ಶಾವಂತ್ರೆವ್ವನ ಕೌದಿ' ಅಂತ ಬರದ, 'ದಿ'ಗೆ ಜಾಗ ಸಾಲದ ಗ್ವಾಡಿ ಮ್ಯಾಲ ಬರದಿದ್ದ.

"ಯಾ ಅಲ್ಲಾ! ಏನ ಮಾಡಿದ್ಯೋ!"

"ಮದಲ ಬರದೇನಿ ಜುಬೇದಕ್ಕ. ಇನ್ನ ಹೆಸರು ನಮ್ಮದ!"

ಜುಬೇದಾ ಬೈದ್ಲು, ನಕ್ಕಳು, ಸೀಮೀಎಣ್ಣಿ ಹಚ್ಚಿ ತಿಕ್ಕಿದ್ಲು. ಆಮ್ಯಾಲ ಕುಂತು ಖರೇನ ನೋಂದಣಿ ಮಾಡಿದ್ಲು. ಕಾಗದ ಮುದ್ರಣ ಮಾಡಿ ಅವನ ಕೈಯಾಗ ಇಟ್ಟಳು. "ಇಕಾ, ಈಗ ಹೆಸರು ನಿಮ್ಮದಾತು. ವರ್ಷ ವರ್ಷ ಮತ್ತ ಬರಸ್ಕೋಂತ ಹೋದ್ರ ಯಾರೂ ಕಸಗೊಳ್ಳಾಕ ಬರಂಗಿಲ್ಲ. ಉಳದದ್ದ ಅವ್ವನ್ನ ಕರಕೊಂಡ ಬಾ, ಹೇಳ್ತೀನಿ."

ಮನ್ಯಾಗ ಅವ್ವ ಬಣ್ಣದ ಸುದ್ದಿ ಕೇಳಿ ಮತ್ತ ಹಣಿ ಬಡಕೊಂಡ್ಲು. "ನಿನ್ನ ಬುದ್ಧಿ ಓಡಸಬ್ಯಾಡಲೇ! ತಿಳದವರ ಹೇಳಿದ್ದ ಕೇಳು, ಅವರ ಹೇಳಿದಂಗ ಮಾಡು!"

ತಿಳದಾಂವ ಹಾದ್ಯಾಗ ಸಿಕ್ಕ. ಯಾರು? ಮುರಿಗೆಪ್ಪ ಸಾವಕಾರ. ಅಂವಗ ಸುದ್ದಿ ಮುಟ್ಟಿತ್ತು. ಯಮನೂರಿ ಹೆಗಲ ಮ್ಯಾಲ ಕೈ ಹಾಕಿ ಭಜಿ ಕೊಡಿಸಿದ. "ಹೆಸರು ಬರಸೀರಂತ, ಛಲೋ ಆತು. ಆದ್ರ ಒಂದ ಮಾತು ತಮ್ಮಾ. ಹೆಸರು ಹಣ್ಣಾಗಬೇಕು. ನಂದು ಹನ್ನೆರಡ ವರ್ಷದ ಹಿಂದ ಬರಸಿದ ಹೆಸರು, ಅದಕ್ಕ ನೆಟ್ಟಿನ್ಯಾಗ ಯಾರ ಹುಡುಕಿದ್ರೂ ಎಲ್ಲಾರಕಿಂತ ಮ್ಯಾಲ ನಾನ ಕಾಣತೀನಿ. ನಿಮ್ಮದ ಇನ್ನೂ ಹೀಚು. ಸುಮ್ಮನ ಮುಚ್ಚಿಡ್ರಿ. ಐದಾರ ವರ್ಷ ಬಿಟ್ಟ ತಗೀರಿ. ಅಲ್ಲೀತನಕ ಕೌದಿ ಎಲ್ಲಾ ನನಗ ಹಾಕ್ರಿ."

ಯಮನೂರಿ ಮನಿಗೆ ಬಂದು ಹೇಳಿದ. ಹೆಣ್ಣಮಕ್ಕಳ ಮಾರಿ ಇಳದಬಿಟ್ಟವು. ಆರರಾಗ ಹಿರಿಯಾಕಿ ನೀಲವ್ವ ಅಂದ್ಲು, "ಐದಾರ ವರ್ಷ? ಅಲ್ಲೀತನಕ ನನ್ನ ಕಣ್ಣ ಇರ್ತಾವೋ ಇಲ್ಲೋ ಯವ್ವಾ. ಸಾವಕಾರಗ ಹಾಕೂದ ನಮ್ಮ ಪಾಲಿಗೆ ಬರದದ್ದು." ಅವತ್ತ ಶಾವಂತ್ರೆವ್ವನ ಹೊಲಿಗಿ ಸೊಟ್ಟ ಬಿತ್ತು.

ಮತ್ತ ಯಮನೂರಿ? ಅಂವ ಸುಮ್ಮನ ಕೂಡಾಂವಲ್ಲ. ಹಣ್ಣಾಗಬೇಕಂದ್ರ ಎಲ್ಲಿ ಇಡ್ತಾರ? ಹುಲ್ಲಿನ್ಯಾಗ! ಮಾವಿನಕಾಯಿ ಹಂಗ ಇಟ್ಟ ಹಣ್ಣ ಮಾಡಿದ್ದ ಅಂವ ನೋಡಿದ್ದ. ನೋಂದಣಿ ಕಾಗದ ತಗೊಂಡ, ಎಮ್ಮಿ ಕಟ್ಟೂ ಕ್ವಾಟಗಿ ಮೂಲ್ಯಾಗ ಹುಲ್ಲ ಹಾಸಿ ಅದರಾಗ ಮುಚ್ಚಿಟ್ಟ. ದಿನಾ ಮುಂಜಾನೆ ಹೋಗಿ ಹೆಬ್ಬಟ್ಟಲೇ ಒತ್ತಿ ನೋಡಾಂವ. "ಇನ್ನೂ ಗಟ್ಟಿ ಐತಿ." ಮೂಸಿ ನೋಡಾಂವ. "ಇನ್ನೂ ವಾಸನಿ ಬಂದಿಲ್ಲ."

ಒಂಬತ್ತನೇ ದಿನ ಎಮ್ಮಿ ಹಗ್ಗ ಹರಕೊಂಡಿತ್ತು. ಹುಲ್ಲೂ ಇಲ್ಲ, ಹೆಸರೂ ಇಲ್ಲ!

ಯಮನೂರಿ ಒದರಲಿಲ್ಲ, ಅಳಲಿಲ್ಲ. ಎಮ್ಮಿ ಕೊಳ್ಳಿಗೆ ಹಗ್ಗ ಹಾಕಿ ದರಾದರಾ ಎಳಕೊಂಡ ಪ್ಯಾಟಿ ನಡುವ ಹಾದು ಜುಬೇದಾನ ಅಂಗಡಿಗೆ ಹೋಗಿ ಬಾಗಲದಾಗ ನಿಲ್ಲಿಸಿದ. ಅರ್ಧ ಎಮ್ಮಿ ಒಳಗ, ಅರ್ಧ ಎಮ್ಮಿ ಹೊರಗ.

"ಜುಬೇದಕ್ಕ, ಹೆಸರು ಇದರ ಹೊಟ್ಟ್ಯಾಗ ಐತಿ. ನಿನ್ನ ಕಂಪ್ಯೂಟರಿಗೆ ತೋರಸು!"

ಹಿಂದ ಶಾವಂತ್ರೆವ್ವ ಕುಂಟಕೋಂತ ಓಡಿ ಬಂದ್ಲು. ಮದಲ ಮಗಗ ಎರಡ ಹಾಕಿದ್ಲು. ಆಮ್ಯಾಲ ಉಸರ ತಗೊಂಡ ಕೇಳಿದ್ಲು, "ಜುಬೇದಾ, ಖರೆ ಹೇಳು. ಹೆಸರು ಹಣ್ಣಾಗಬೇಕ?"

"ಯಾರ ಹೇಳಿದ್ರು ನಿಮಗ?"

"ಮುರಿಗೆಪ್ಪ."

ಜುಬೇದಾ ಎಮ್ಮಿ ಮಾರಿ ಒಂದ ಕಡೆ ಸರಿಸಿ ಶಾವಂತ್ರೆವ್ವನ್ನ ಕುಂಡ್ರಿಸಿದ್ಲು. "ಚಿಗವ್ವಾ, ಕಾಗದ ತಿಂದ್ರ ಹೆಸರ ಹೋಗಂಗಿಲ್ಲ, ಅದು ನಿಮ್ಮದ. ಮತ್ತ ಹೆಸರು ಮಾವಿನಕಾಯಿ ಅಲ್ಲ. ಹನ್ನೆರಡ ವರ್ಷ ಕೀಲಿ ಹಾಕಿಟ್ಟ ಖಾಲಿ ಮನಿಗೆ ಯಾವ ಬೀಗ್ರು ಬರ್ತಾರ? ಎಷ್ಟ ಲಗೂನ ಬರಸೀರಿ ಅನ್ನೂದನ್ನ ನೋಡಿ ನೆಟ್ಟು ಯಾರನ್ನೂ ಮ್ಯಾಲ ಕುಂಡ್ರಸೂದಿಲ್ಲ. ಒಳಗ ಏನ ಐತಿ, ಅದು ಮಂದಿಗೆ ಬೇಕೋ ಬ್ಯಾಡೋ, ಅದನ್ನ ನೋಡತೈತಿ. ಲಗೂನ ಬರಸ್ರಿ ಅಂದದ್ದ ಯಾಕ? ಮತ್ತೊಬ್ಬ ಕಸಗೋಬಾರದಂತ. ಅಷ್ಟ!"

"ಹಂಗಾದ್ರ ಮುರಿಗೆಪ್ಪ ಹೆಂಗ ಮ್ಯಾಲ ಕುಂತಾನ?"

"ಹನ್ನೆರಡ ವರ್ಷ ದಿನಾ ಅದರಾಗ ಕೌದಿ ಫೋಟೋ ಹಾಕ್ಯಾನ. ಹೊದ್ದವರು ಛಲೋ ಅದಾವ ಅಂತ ಬರದಾರ. ಕೆಲಸ ಮ್ಯಾಲ ಏರಿಸೈತಿ, ತಾರೀಖು ಅಲ್ಲ."

"ಯಾರ ಕೌದಿ ಫೋಟೋ?"

ಜುಬೇದಾ ಪರದಿ ತಿರುಗಿಸಿ ತೋರಿಸಿದ್ಲು. ಶಾವಂತ್ರೆವ್ವ ಒಂದೊಂದ ನೋಡಿದ್ಲು. ಇದು ನಂದು. ಇದು ನೀಲವ್ವಂದು. ಇದು ನಂದು. ಇದೂ ನಂದು. ಎದ್ದ ನಿಂತ್ಲು. ಮೊಣಕಾಲ ನೋವ ಎಲ್ಲಿ ಹೋತೋ!

"ನನ್ನ ಹೆಗಲ ಮ್ಯಾಲ ಕುಂತು, ನನಗ ಗಿಡ್ಡಿ ಅಂತಾನ? ಗಂಜಿ ಕುಡೀತೀನಿ, ಅಂಬಲಿ ಕುಡೀತೀನಿ, ಅವಗ ಇನ್ನೊಂದ ಕೌದಿ ಹಾಕಂಗಿಲ್ಲ!"

"ಹಂಗಾದ್ರ ಏನೂ ಮುಚ್ಚಿಡಬ್ಯಾಡ್ರಿ. ಕೌದಿ ಬಿಚ್ಚಿ ತೋರಸ್ರಿ. ನಾಳೆ ಬಂದ ಫೋಟೋ ತಗೀತೀನಿ."

ಹಾದ್ಯಾಗ ಶಾವಂತ್ರೆವ್ವ ಮಗಗ ಬುದ್ಧಿ ಹೇಳಿದ್ಲು. "ಕೇಳಿದ್ಯಲ್ಲ? ಇನ್ನ ಮ್ಯಾಲ ಏನೂ ಮುಚ್ಚಿಡಬ್ಯಾಡ. ನಾಳೆ ಜುಬೇದಾ ಬರೂದರಾಗ ನಿನ್ನ ಮದವಿಗಂತ ಹೊಲದಿಟ್ಟ ಆ ಕೌದಿ ಪೂರಾ ಬಿಚ್ಚಿಡು."

ಬಿಚ್ಚಿಟ್ಟ! ಪೂರಾ ಬಿಚ್ಚಿಟ್ಟ! ಬ್ಲೇಡ್ ತಗೊಂಡ ಕುಂತು, ಎರಡ ತಿಂಗಳ ಹೊಲದ ಕೌದಿ, ಒಂದೊಂದ ಹೊಲಿಗಿ ಕಿತ್ತು, ಒಂದೊಂದ ಪದರ ಎಬ್ಬಿಸಿ, ಅಂಗಳ ತುಂಬ ಹಾಸಿ, ಬೆವರ ಒರಸ್ಕೊಂಡ ಕುಂತಿದ್ದ. ಮದಲ ನೋಡಿದಾಕಿ ನೀಲವ್ವ. ಆಕಿ ಒದರಿದ್ದ ಕೇಳಿ ಓಣಿ ನಾಯಿ ಎಲ್ಲಾ ಬೊಗಳಿದ್ವು. ಅವ್ವ ಓಡಿ ಬಂದ್ಲು.

"ಏ ನನ್ನ ಹಣೇಬರಾ!"

"ನೀನ ಹೇಳಿದ್ದೆಲ್ಲವ್ವಾ! ಪೂರಾ ಬಿಚ್ಚು ಅಂತ!"

ಶಾವಂತ್ರೆವ್ವ ಈ ಸಲ ಹಣಿ ಬಡಕೊಳ್ಳಲಿಲ್ಲ. ಹಣಿಗೂ ಸಾಕಾಗಿತ್ತು. ಅಂಗಳದಾಗ ಕುಂತು ಚೂರು ಆರಿಸಾಕ ಹತ್ತಿದ್ಲು. ಆರಿಸ್ಕೋಂತ ಆರಿಸ್ಕೋಂತ ತನ್ನಷ್ಟಕ ತಾನ ಮಾತಾಡಾಕ ಹತ್ತಿದ್ಲು. "ಇದು ನಮ್ಮವ್ವನ ಸೀರಿ, ಗದ್ದಿ ನಾಟಿ ಮಾಡಿದ ವರ್ಷ ತಗೊಂಡದ್ದು. ಇದು ಇವರಪ್ಪನ ತಲಿಗೆ ಸುತ್ತೂ ಪಟಗಾ, ಜ್ವರ ಬಂದಾಗ ಇದನ್ನ ತೊಯ್ಸಿ ಹಣಿಗೆ ಹಾಕತಿದ್ದೆ. ಇದು ನೀಲವ್ವನ ಮಗಳ ಲಂಗ. ನೀಲವ್ವಾ, ಅಳಬ್ಯಾಡ, ಅದನ್ನ ನಡುವ ಹಾಕಿದ್ದೆ, ಬೆಚ್ಚಗಿರಲಿ ಅಂತ."

ಬಾಗಲದಾಗ ಜುಬೇದಾ ಬಂದ ನಿಂತಿದ್ಲು. ಫೋನ್ ತಗದು ಪದರ ಪದರದ ಫೋಟೋ ತಗದ್ಲು, ಮಾತ ಎಲ್ಲಾ ರೆಕಾರ್ಡ್ ಮಾಡ್ಕೊಂಡ್ಲು. ಅವತ್ತ ಹೋಗಿ ಅದನ್ನ ಇದ್ದಂಗ ಬರದ 'ಶಾವಂತ್ರೆವ್ವನ ಕೌದಿ' ಹೆಸರಿನ ನೆಟ್ಟಿನ ಅಂಗಡ್ಯಾಗ ಹಾಕಿದ್ಲು. ಮುರಿಗೆಪ್ಪನ ಅಂಗಡ್ಯಾಗ ಕೌದಿ ಮ್ಯಾಲಿನ ಬಣ್ಣ ಅಷ್ಟ ಇತ್ತು. ಕೌದಿ ಒಳಗ ಏನ ಇರ್ತೈತಿ ಅಂತ ಅಲ್ಲೀತನಕ ಯಾರೂ ಬರದಿದ್ದಿಲ್ಲ.

ಬರದ ಕೂಡಲೇ ರೊಕ್ಕ ಸುರೀತೇನು? ಇಲ್ಲ. ಒಂದ ತಿಂಗಳು, ಎರಡ ತಿಂಗಳು, ಯಾರೂ ಕೇಳಲಿಲ್ಲ. ನೀಲವ್ವನ ಮನ್ಯಾಗ ಆಡ ಮಾರಿದ್ರು. ಮುರಿಗೆಪ್ಪ ದಿನಾ ಓಣ್ಯಾಗ ಹಾದು ಹೋಗಾಂವ, "ಏನ್ರಿ, ಹೆಸರು ಹಣ್ಣಾತ?" ಅಂತ ಕೇಳಾಂವ. ಶಾವಂತ್ರೆವ್ವ ತಲಿ ಎತ್ತತಿದ್ದಿಲ್ಲ. ದಾರ ಹಲ್ಲಲೇ ಕಡದು, "ಹೊಲೀರಿ!" ಅನ್ನಾಕಿ. ಆರೂ ಮಂದಿ ಹೊಲ್ಯಾವ್ರು. ಹೊಲದದ್ದೆಲ್ಲಾ ಜುಬೇದಾ ಬರದ ಹಾಕಾಕಿ.

ಒಂದಿನ ಜುಬೇದಾ ಅಂದ್ಲು, "ಇನ್ನೊಂದ ಐತಿ ಚಿಗವ್ವಾ. ನಾಕ ಮಂದಿ ನಿಮ್ಮ ಕಡೆ ಕೈ ಮಾಡಿ ತೋರಸಬೇಕು. ಇಂಥಲ್ಲಿ ಛಲೋ ಕೌದಿ ಅದಾವ ಅಂತ."

ಯಮನೂರಿ ಕೇಳಿಸ್ಕೊಂಡ. ಬಸ್ ಸ್ಟ್ಯಾಂಡಿಗೆ ಹೋಗಿ ನಾಕ ಮಂದಿನ್ನ ಹಿಡದ. ಒಬ್ಬ ಕಂಡಕ್ಟರ್, ಒಬ್ಬ ಬಾಳಿಹಣ್ಣ ಮಾರಾಂವ, ಒಬ್ಬ ಪೂಜಾರಿ, ಒಬ್ಬ ಮದುಮಗ. ನಾಲ್ವರನ್ನೂ ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ ಮನಿ ಕಡೆ ಮಾಡಿಸಿದ. "ಇಳಸಬ್ಯಾಡ್ರಿ! ಇಳಸಿದ್ರ ನಾವು ಕೆಳಗ ಹೋಗತೀವಿ!" ಬಸ್ ತಪ್ಪಿತು, ಮುಹೂರ್ತ ತಪ್ಪಿತು. ಮದುಮಗನ ಸ್ವಾದರಮಾವ ಬಂದ ಯಮನೂರಿನ್ನ ಬಾರಿಸಿದ. ಪುಣ್ಯಕ್ಕ ಅದ ವಾರ ಧಾರವಾಡದ ಒಬ್ರು ಮಾಸ್ತರು ಆ ಬಿಚ್ಚಿದ ಕೌದಿ ಸುದ್ದಿ ಓದಿ, ನೆಟ್ಟಿನ್ಯಾಗಿನ ತಮ್ಮ ಲೇಖನದಾಗ ಇಂಥಲ್ಲಿ ನೋಡ್ರಿ ಅಂತ ಬರದ್ರು. ಕೈ ಮಾಡೂದಂದ್ರ ಇದು. ಅವರ ಹಿಂದ ಇನ್ನೊಬ್ರು, ಅವರ ಹಿಂದ ಮತ್ತೊಬ್ರು.

ಹೆಸರು ಮೆಲ್ಲಕ ಏರಾಕ ಹತ್ತಿತು. ಮಂದಿ ಕೌದಿ ಅಂತ ಹುಡುಕಿದ್ರ ಮದಲ ಒಂಬತ್ತನೇ ಪುಟದಾಗ ಇತ್ತು, ಆಮ್ಯಾಲ ನಾಕನೇದು. ಒಂದಿನ ಜುಬೇದಾ ಚಾ ಲೋಟ ಹಿಡಕೊಂಡ ಓಡಿ ಬಂದ್ಲು. "ಚಿಗವ್ವಾ! ಮುರಿಗೆಪ್ಪನ ಮ್ಯಾಲ ನೀವು! ಒಂದ ಸಾಲ ಮ್ಯಾಲ!" ಹನ್ನೆರಡ ವರ್ಷದ ಹೆಸರು ಕೆಳಗ, ವರ್ಷ ತುಂಬದ ಹೆಸರು ಮ್ಯಾಲ!

ಮರುದಿನ ಮುರಿಗೆಪ್ಪ ಹೇಳಿ ಕಳಿಸಿದ, ಆ ಹೆಸರು ತನಗ ಬೇಕು, ಏನ ಕೇಳಿದ್ರೂ ಕೊಡ್ತೀನಿ, ಮನಿಗೆ ಬರ್ತೀನಿ ಅಂತ. ಶಾವಂತ್ರೆವ್ವಗ ದಾರ ತರಾಕ ಹೋಗೂದಿತ್ತು. ಮಗನ್ನ ಬಾಗಲದಾಗ ನಿಲ್ಲಿಸಿ ಹೇಳಿದ್ಲು, "ಕಿವಿ ಕೊಟ್ಟ ಕೇಳು. ಯಾರ ಬಂದ ಹೆಸರು ಕೇಳಿದ್ರೂ ಕೊಡಬ್ಯಾಡ. ಸಿಹಿ ಮಾತಾಡ್ತಾರ, ಕೊಡಬ್ಯಾಡ. ಕೈ ಮುಗೀತಾರ, ಕೊಡಬ್ಯಾಡ. ಜೀವ ಹೋದ್ರೂ ಕೊಡಬ್ಯಾಡ!"

ಮುರಿಗೆಪ್ಪ ಪೇಡೆದ ಡಬ್ಬಿ ತಗೊಂಡ ಬಂದ. "ಏನ ಯಮನೂರಪ್ಪಾ, ಹೆಸರು ಕೊಡ್ತೀರಿಲ್ಲೋ?"

"ಕೊಡಂಗಿಲ್ಲ!"

"ಅವ್ವಗ ಪಕ್ಕಾ ಮನಿ ಕಟ್ಟಸ್ತೀನೋ."

"ಕೊಡಂಗಿಲ್ಲ!"

"ನಿನಗ ಹೆಣ್ಣ ನೋಡತೀನೋ!"

ಯಮನೂರಿ ಒಂದ ಗಳಿಗಿ ಕಣ್ಣ ಮುಚ್ಚಿದ. "ಕೊಡಂಗಿಲ್ಲ! ನಮ್ಮದ ಹೀಚು ಅಂದ್ರೆಲ್ಲರಿ ಸಾವಕಾರ್ರ. ಹೀಚು ತಿಂದ್ರ ನಿಮ್ಮ ಹೊಟ್ಟಿ ನೋಯ್ತೈತಿ."

ಮುರಿಗೆಪ್ಪ ಪೇಡೆ ಡಬ್ಬಿ ತಗೊಂಡ ಹೊಳ್ಳಿ ಹೋದ. ಓಣಿ ಹೆಣ್ಣಮಕ್ಕಳು ಚಪ್ಪಾಳಿ ಹೊಡದ್ರು. ಅವ್ವ ಬಂದ ಕೇಳಿ, ಹುಟ್ಟಿದ ಇಪ್ಪತ್ನಾಕ ವರ್ಷದಾಗ ಮದಲನೇ ಸಲ ಮಗನ ಬೆನ್ನ ಚಪ್ಪರಿಸಿದ್ಲು. "ಶಾಬಾಸ್ ನನ್ನ ಮಗನ! ಹಿಂಗ ಇರಬೇಕು! ನಾಳೆನೂ ಹಿಂಗ ಇರು, ನಾಡದೂ ಹಿಂಗ ಇರು!"

ಬೈದಿದ್ರ ಉಳೀತಿತ್ತ ನೋಡ್ರಿ. ಹೊಗಳಿಬಿಟ್ಟಳು.

ಮರುದಿನ ಅವ್ವ ಸಂತಿಗೆ ಹೋಗಿದ್ಲು. ಮೈಸೂರಿನಿಂದ ಒಂದ ಕಾರ ಬಂತು. ಇಳದಾಕಿ ಒಬ್ಬಾಕಿ ದೊಡ್ಡ ವಸತಿಗೃಹದ ಒಡತಿ. ನೆಟ್ಟಿನ್ಯಾಗ ಓದಿ, ಪ್ರತಿ ಕೋಣೆಗೂ ಒಂದೊಂದ ಕೌದಿ ಬೇಕಂತ ತಾನ ಹುಡುಕ್ಕೊಂಡ ಬಂದಾಕಿ; ಊರ ನೆನಪಿತ್ತು, ಹೆಸರು ಮರತಿದ್ಲು. ಯಮನೂರಿ ಬಾಗಲದಾಗ ಕೈ ಕಟ್ಟಿ ನಿಂತಿದ್ದ, ಅವ್ವ ಹೊಸದಾಗಿ ಹಾಕಿಸಿದ್ದ ಹೆಸರಿನ ಹಲಗಿ ಅವನ ಮೈ ಹಿಂದ ಮುಚ್ಚಿಹೋಗಿತ್ತು.

"ನಮಸ್ಕಾರ. ಇದು ಕೌದಿ ಹೊಲಿಯೋ ಅಮ್ಮನ ಮನೆನಾ? ಅವರ ಹೆಸರೇನಪ್ಪ?"

ಯಮನೂರಿ ಎದಿ ಉಬ್ಬಿಸಿದ. "ಕೊಡಂಗಿಲ್ಲ!"

"ಹೆಸರು ಕೇಳಿದೆ ಅಷ್ಟೇ..."

"ಸಿಹಿ ಮಾತಾಡಬ್ಯಾಡ್ರಿ!"

"ಸರಿ, ನಿಮ್ಮ ಹೆಸರಾದ್ರೂ ಹೇಳಿ."

"ಅದನ್ನೂ ಕೊಡಂಗಿಲ್ಲ!"

ಆಕಿ ಪಾಪ ಕೈ ಮುಗದ್ಲು. ಯಮನೂರಿ ಎರಡ ಹೆಜ್ಜಿ ಹಿಂದ ಸರದ. ಕೈ ಮುಗದ್ರೂ ಕೊಡಬ್ಯಾಡ ಅಂದಿದ್ಲಲ್ಲ ಅವ್ವ! ಹೆದರಿಕಿ ಆಗಿ, ಬಾಗಲ ಮ್ಯಾಲಿನ 'ಶಾವಂತ್ರೆವ್ವನ ಕೌದಿ' ಹಲಗಿ ಕಿತ್ತು, ಕೆಳಗ ಡಬ್ಬ ಹಾಕಿ, ಅದರ ಮ್ಯಾಲ ಕುಂತ. ಆಕಿ ಓಣ್ಯಾಗಿನ ಮನಿ ಮನಿ ಕೇಳಾಕ ಹೋದ್ಲು. ಯಮನೂರಿ ಹಲಗಿ ಬಗಲಾಗ ಹಿಡಕೊಂಡ ಆಕೀಕಿಂತ ಮುಂದ ಓಡಿದ. "ನಮ್ಮವ್ವನ ಆಣಿ! ಯಾರೂ ಹೆಸರು ಕೊಡಬ್ಯಾಡ್ರಿ!" ಹೆಣ್ಣಮಕ್ಕಳು ಮುರಿಗೆಪ್ಪನ ಕಡೆಯಾಕಿ ಅಂತ ತಿಳಕೊಂಡ್ರು. ಒಬ್ಬಾಕಿ ಬಾಗಲಾ ಹಾಕಿದ್ಲು. ಇನ್ನೊಬ್ಬಾಕಿ ನನಗ ಹೆಸರ ಇಲ್ಲ ಅಂದ್ಲು. ನೀಲವ್ವ ಬಾಯಾಗ ಸೆರಗ ತುರಕೊಂಡ ಕುಂತ್ಲು.

ಹೊತ್ತ ನೆತ್ತಿಗೆ ಬಂತು. ಮೈಸೂರಿನಾಕಿ ಬ್ಯಾಸತ್ತು ಕಾರ ಹತ್ತಬೇಕು, ಅಷ್ಟರಾಗ ಓಣಿ ತಿರುವಿನ್ಯಾಗ ಶಾವಂತ್ರೆವ್ವ ಬಂದ್ಲು, ತಲಿ ಮ್ಯಾಲ ಬುಟ್ಟಿ, ಕೊಳ್ಳಾಗ ದಾರದುಂಡಿ ಸರ.

"ಅಮ್ಮಾ," ಅಂದ್ಲು ಆಕಿ ಕಡೀ ಆಸೆಲೇ, "ಕೌದಿ ಹೊಲಿಯೋರು ನೀವೇನಾ? ದಯವಿಟ್ಟು ನಿಮ್ಮ ಹೆಸರು..."

ಶಾವಂತ್ರೆವ್ವನ ಮಾರಿ ಅರಳಿತು. ಬುಟ್ಟಿ ಇಳಿಸಿದ್ಲು. ಸೆರಗ ಸರಿ ಮಾಡ್ಕೊಂಡ್ಲು. ಇಡೀ ಜನ್ಮದಾಗ ಈ ಮಾತ ಕೇಳಿಸ್ಕೊಳ್ಳಾಕ ಕಾದಾಕಿ, ತನ್ನ ಹೆಸರು ಹೇಳಾಕ ಬಾಯಿ ತಗದ್ಲು. "ನನ್ನ ಹೆಸರ್ರಿ, ಶಾ..."

ಹಿಂದಿಂದ ಎತ್ತ ಹಾರಿದಂಗ ಹಾರಿ ಬಂದ ಯಮನೂರಿ, ತನ್ನ ಅಗಲ ಅಂಗೈಲೇ ಅವ್ವನ ಬಾಯಿ ಗಪ್ಪನ ಮುಚ್ಚಿ ಒದರಿದ:

"ಎವ್ವಾ! ಜೀವ ಹೋದ್ರೂ ಕೊಡಬ್ಯಾಡ! ಮುಂಜಾನಿಂದ ಇಡೀ ಓಣಿ ತಡದ ಹಿಡದೇನಿ, ನೀ ಒಬ್ಬಾಕಿ ಕೊಟ್ಟಗಿಟ್ಟೀ!"